ಖಾಲಿ ಬಿಟ್ಟ ಮಾತುಗಳು

ಫೆಬ್ರವರಿ 12, 2000. ಸಮರ್‌ಸೆಟ್

"ನೆರೆದಿರುವ ಎಲ್ಲರಿಗೂ ವಂದನೆ. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಹಂಸಿನಿ ಒಪ್ಪಿಕೊಂಡಿದ್ದ ಕೆಲಸ ಮುಗಿಸಲು ವೇದಿಕೆ ಕೊಡಿ, ಸಾಕು." — ಕನ್ನಡ ಕೂಟದ ಸಮಿತಿಯೆದುರು ಇಂದು ನಾನು ಆಡಿದ್ದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬರುತ್ತಿತ್ತು. ಇಲ್ಲಿ ಚಹಾ ಬಂತು.

ಮಗಳು ಹಂಸಿನಿ ಹೋಗಿ ತಿಂಗಳು. ಮಂಜುಗಟ್ಟಿದ ರಸ್ತೆ, ಕಾರು... ಅಷ್ಟೇ.

ಅವಳು ಆರಿಸಿದ್ದು ಜರ್ಮನಿಯ ಹಳೆಯ ಮೂಕಿ ಚಿತ್ರ. ವೇಷ ಬದಲಿಸುತ್ತ, ಕಣ್ಣೋಟದಿಂದಲೇ ನಗರವನ್ನು ಆಡಿಸುವ ಮಹಾ ಅಪರಾಧಿಯೊಬ್ಬನ ಕಥೆ. ಮೊದಲ ರೀಲಿನಲ್ಲಿ ತೆರೆಯ ಮೇಲೆ ಮೂಡುವ ಜರ್ಮನ್ ಬರಹಗಳನ್ನು ಕನ್ನಡಕ್ಕೆ ತಂದು, ಕ್ಯಾಸೆಟ್ಟಿನಲ್ಲಿ ತಾನೇ ಓದಿದ್ದಳು. ಅಪರಾಧಿಯ ಮಾತುಗಳನ್ನು ಮಾತ್ರ ಖಾಲಿ ಬಿಟ್ಟಿದ್ದಳು — ಯುಗಾದಿ ಕಾರ್ಯಕ್ರಮದಲ್ಲಿ ನಾನು ನಿಂತು ಓದಲೆಂದು.

ಫೆಬ್ರವರಿ 27

ಕೂಟದ ಅಧ್ಯಕ್ಷ ಶ್ರೀನಿಯ ಫೋನ್.

"ಅಂಕಲ್, ಹಂಸಿನಿ ನೆನಪಿಗೆ ಭಜನೆ ಇಡೋಣ ಅಂತ ಕಮಿಟಿ ಡಿಸೈಡ್ ಮಾಡಿದೆ. ಅಂಥ ಹೊತ್ತಲ್ಲಿ ಕಳ್ಳನ ಫಿಲಂ ಹಾಕಿದ್ರೆ ಚೆನ್ನಾಗಿರಲ್ಲ ಅಲ್ವಾ?"

"ಅವಳಿಗೆ ಒಂದು ಭಜನೆಯೂ ಬರುತ್ತಿರಲಿಲ್ಲ."

"ಹಾಡೋರು ನಾವಲ್ವಾ ಅಂಕಲ್."

ಮೂರು ಅಂಶ ಮುಂದಿಟ್ಟೆ. ಒಂದನ್ನೂ ಖಂಡಿಸಲಿಲ್ಲ. "ನಿಮ್ಮ ದುಃಖ ಅರ್ಥ ಆಗುತ್ತೆ" ಎಂದ. ವಾದಕ್ಕೆ ಪ್ರತಿವಾದ ಬೇಕು. ಕನಿಕರ ಉತ್ತರವಲ್ಲ.

ಮಾರ್ಚ್ 11

ಬೇಸ್‌ಮೆಂಟಿನಲ್ಲಿ ಅಭ್ಯಾಸ. ಅವಳ ದನಿ, ನಂತರ ಬಿಡುವು. ಪ್ರತಿ ಸಲವೂ ನನ್ನ ಮಾತು ಬಿಡುವನ್ನು ಮೀರಿ ಅವಳ ಮುಂದಿನ ಸಾಲಿನ ಮೇಲೆ ಬೀಳುತ್ತದೆ. ಡಿಸೆಂಬರಿನಲ್ಲಿ ಜೊತೆಗೆ ಅಭ್ಯಾಸ ಮಾಡುವಾಗಲೇ ಹೇಳಿದ್ದಳು: "ಅಪ್ಪಾ, ಯೂ ಆರ್ ಡಿಬೇಟಿಂಗ್ ಅಗೇನ್. ಆ ಕ್ರಿಮಿನಲ್ ಆರ್ಗ್ಯೂ ಮಾಡಲ್ಲ. ಹೇಳ್ತಾನೆ, ದಟ್ಸ್ ಇಟ್."

ಮೆಟ್ಟಿಲ ಮೇಲೆ ಹೆಂಡತಿ ನಿರುಪಮಾ. "ಸಾಕು ರೀ. ಭಜನೆಗೇ ಒಪ್ಪಿಬಿಡಿ."

"ಕಾರಣ ಕೊಡು."

"ಆ ದನಿ ಕೇಳಕ್ಕಾಗಲ್ಲ ನನ್ನ ಕೈಲಿ. ಸಾಕಾ ಕಾರಣ?"

ಟೇಪು ನಿಲ್ಲಿಸಿದೆ.

ಏಪ್ರಿಲ್ 8, ಬೆಳಿಗ್ಗೆ

ಇಂದು ಕಾರ್ಯಕ್ರಮ. ನಿನ್ನೆ ಶ್ರೀನಿ: "ಭಜನೆ ಆದ್ಮೇಲೆ ಎರಡು ಮಾತಾಡಿ ಅಂಕಲ್. ಶಾರ್ಟ್ ಆಗಿ." "ಆಗಲಿ" ಎಂದೆ. ನನ್ನಿಂದ ಇಷ್ಟು ಚಿಕ್ಕ ಉತ್ತರ ಅವನು ಕೇಳಿರಲಿಲ್ಲ. ಸಂತೋಷಪಟ್ಟ.

ಕಾರಿನ ಟ್ರಂಕಿನಲ್ಲಿ ಪ್ರೊಜೆಕ್ಟರ್, ರೀಲು, ಟೇಪ್ ರೆಕಾರ್ಡರ್. ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ನಿರುಪಮಾಳಿಗೆ ಇಷ್ಟೇ ಹೇಳಿದೆ: "ಭಜನೆ ಮುಗಿದ ಕೂಡಲೇ ಹೊರಗೆ ಹೋಗಿರು."

"ಯಾಕ್ರೀ?"

ಕಾರಣ ಕೊಡಲಿಲ್ಲ. ಟ್ರಂಕಿನೊಳಗೆ ಇಣುಕಿದಳು. "ಒಳಗೇ ಕೂತಿರ್ತೀನಿ."

ಮೈಕಿನೆದುರು ಒಂದೇ ಮಾತು ಆಡುವೆ: "ದೀಪ ಆರಿಸಿ." ವಾದಿಸುವುದಿಲ್ಲ. ಆಮೇಲೆ ಅವಳ ದನಿ. ನಂತರ ಬಿಡುವು. ಆ ಬಿಡುವಿನೊಳಗೇ ನಾನು —