ಗಾಜಿನಂಥ ರೆಕ್ಕೆಗಳು

ಅತ್ತಿಗುಪ್ಪೆ, ಬೆಂಗಳೂರು
9 ನವೆಂಬರ್ 2025, ಭಾನುವಾರ

ರಾಜೇಂದ್ರ ಅವರಿಗೆ ಮುರಳೀಕೃಷ್ಣನ ನಮಸ್ಕಾರಗಳು.

ನನ್ನ ಕೈಬರಹದ ಕಾಗದ ನೋಡಿ ನಿಮಗೆ ಗಾಬರಿಯಾಗಬಹುದು. ವಚನಾ ಚೆನ್ನಾಗಿದ್ದಾಳೆ. ಕಾಲಿನ ಹೊಲಿಗೆ ಬಿಚ್ಚಿಸಿ ಆಯಿತು, ಗಾಯ ಒಣಗಿದೆ, ಸ್ಕೂಲಿಗೆ ನಡೆದೇ ಹೋಗುತ್ತಾಳೆ. ಶೋಭಾರಾಣಿಯೂ ಆರೋಗ್ಯವಾಗಿದ್ದಾಳೆ. ಫೋನಿನಲ್ಲೇ ಹೇಳಿ ಮುಗಿಸಬಹುದಾಗಿತ್ತು. ಎಷ್ಟೋ ಸಲ ನಿಮ್ಮ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ನೀವು ಮಾಡಿದಾಗಲೂ ಎತ್ತಿಲ್ಲ. ಅದಕ್ಕೇ ಈ ಕಾಗದ.

ನಾವಿಬ್ಬರೂ ಒಬ್ಬರಿಗೊಬ್ಬರು ಮರ್ಯಾದೆಯಿಂದಲೇ ಇದ್ದೇವೆ. ನಿಮ್ಮಿಂದ ಬೇರೆಯಾದ ಮೇಲೆ ಶೋಭಾ ನನ್ನನ್ನು ಮದುವೆಯಾದಳು, ನಿಮ್ಮ ಮಗಳು ನನ್ನ ಮನೆಯಲ್ಲಿ ಬೆಳೆಯುತ್ತಿದ್ದಾಳೆ, ರಜೆ ಬಂದರೆ ಮೂಲ್ಕಿಗೆ ನಿಮ್ಮ ಹತ್ತಿರ ಬರುತ್ತಾಳೆ. ನಿಮ್ಮನ್ನು ಅಪ್ಪ ಅನ್ನುತ್ತಾಳೆ, ನನ್ನನ್ನು ಅಂಕಲ್ ಅನ್ನುತ್ತಾಳೆ. ಅದರಲ್ಲಿ ನನಗೇನೂ ಬೇಸರವಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಬೇಸಿಗೆ ರಜೆಯಲ್ಲಿ ನಿಮ್ಮ ದೋಣಿ ರಿಪೇರಿ ಶೆಡ್ಡಿನಲ್ಲಿ ನೀವಿಬ್ಬರೂ ಕೂತು ಹಾಲುವಾಣದ ಮರದಲ್ಲಿ ಅವಳಿಗೊಂದು ಸರ್ಫಿಂಗ್ ಹಲಗೆ ಮಾಡಿದಿರಲ್ಲ, ಅದನ್ನು ಅವಳು ಅಲ್ಲಿ ಬಿಟ್ಟು ಬರಲೇ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಜಗಳವಾಡಿ ತಂದಳು. ನಮ್ಮ ಹಾಲಿನಲ್ಲಿ ಫ್ರಿಜ್ ಪಕ್ಕ ಅದು ನಿಂತಿತು, ಮನೆಗೆ ಬಂದ ಹೊಸ ನೆಂಟನ ಹಾಗೆ. ಮನೆ ಓನರ್ ಹೆಂಗಸು ಬಾಗಿಲಲ್ಲಿ ಇಣುಕಿ, “ಇದನ್ನ ಎಲ್ಲಿ ಓಡಿಸ್ತೀರ? ಕೆಂಗೇರಿ ಮೋರೀಲಾ?” ಅಂದರು. ವಚನಾ ನಗಲಿಲ್ಲ. “ಇನ್ನೂ ಫಿನ್ ಹಾಕಿಲ್ಲ ಆಂಟಿ,” ಅಂದಳು, ಅದೊಂದೇ ಕೊರತೆ ಎಂಬಂತೆ.

ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗೆ ಮೂರು ಫಿನ್ ಕೂರಬೇಕು, ಅವಿಲ್ಲದಿದ್ದರೆ ಹಲಗೆ ಅಲೆಯ ಮೇಲೆ ಜಾರಿಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವಳು ಅವಳೇ. ಅವುಗಳಿಗೆ ಜಾಗವನ್ನು ನೀವು ಆಗಲೇ ಕೊರೆದಿದ್ದಿರಿ. ಫಿನ್ ಮಾತ್ರ ಅವಳೇ ಮಾಡಬೇಕು ಎಂದು ನೀವು ಹೇಳಿದ್ದಿರಂತೆ. ರಟ್ಟಿನ ಮೇಲೆ ಆಕಾರ ಬರೆದಳು, ಪ್ಲೈವುಡ್ ತುಂಡಿಗೆ ಅಂಟಿಸಿದಳು, ಸ್ಕೂಲಿಂದ ಬಂದವಳು ದಿನಾ ಬಾಲ್ಕನಿಯಲ್ಲಿ ಕೂತು ಅರದಿಂದ ಉಜ್ಜಿದಳು. ಊಟಕ್ಕೆ ಕರೆದರೆ ಕೈತುಂಬ ಮರದ ಪುಡಿ.

ಒಂದು ಸಂಜೆ ನನ್ನ ಮುಂದೆ ಹಿಡಿದು ಕೇಳಿದಳು, “ಅಂಕಲ್, ಸ್ವಲ್ಪ ಸೊಟ್ಟ ಆಯ್ತಲ್ವಾ?”

ಸ್ವಲ್ಪ ಸೊಟ್ಟವೇ ಆಗಿತ್ತು. ಪರವಾಗಿಲ್ಲ ಕಣೇ, ಇನ್ನೊಂದು ಸಲ ಉಜ್ಜು ಅನ್ನಬಹುದಿತ್ತು. ನಾನು ಅಂದದ್ದು, “ಸ್ಕೂಲ್ ಪ್ರಾಜೆಕ್ಟ್ ತರ ಇದೆ. ಬಿಡು, ನಾನ್ ಮಾಡ್ಕೊಡ್ತೀನಿ.”

ನನ್ನ ಅಂಗಡಿ ನಿಮಗೆ ಗೊತ್ತು. ವಿಜಯನಗರದಲ್ಲಿ ನೇಮ್‌ಬೋರ್ಡು, ಶೀಲ್ಡು, ಸ್ಕೂಲ್ ಡೇಗೆ ಬೇಕಾಗುವ ಟ್ರೋಫಿ. ಅಕ್ರಿಲಿಕ್ ನನ್ನ ಕೈಗೆ ಚೆನ್ನಾಗಿ ಬಗ್ಗುತ್ತದೆ. ಗಾಜಿನಂಥ ಹಾಳೆಯಲ್ಲಿ ಮೂರು ಫಿನ್ ಕತ್ತರಿಸಿದೆ, ಅಂಚನ್ನು ತೆಳ್ಳಗೆ ತೆಗೆದೆ, ಪಾಲಿಶ್ ಹೊಡೆದೆ. ಬೆಳಕಿಗೆ ಹಿಡಿದರೆ ಅಂಚು ಗೆರೆ ಎಳೆದ ಹಾಗೆ ಹೊಳೆಯುತ್ತಿತ್ತು. ಸಮುದ್ರದ ವಿಷಯ ನನಗೆ ಗೊತ್ತಿಲ್ಲ, ಅಂಚು ಹೇಗಿರಬೇಕೆಂದು ಯಾರೂ ಹೇಳಿರಲಿಲ್ಲ.

ಈಗ ಬರೆದ ಕೊನೆಯ ಸಾಲು ಸುಳ್ಳು. ಹಾಳೆ ಹರಿದು ಮೊದಲಿಂದ ಬರೆಯಬಹುದಿತ್ತು. ಬರೆದರೆ ಇನ್ನೂ ನಯವಾದ ಸುಳ್ಳು ಬರೆದೇನು ಎಂದು ಹಾಗೇ ಬಿಟ್ಟಿದ್ದೇನೆ.

ಹೇಳಿದವರು ನೀವೇ. ಫಿನ್ ಅವಳೇ ಮಾಡುತ್ತಿದ್ದಾಳೆ ಎಂದುಕೊಂಡು ನನ್ನ ಫೋನಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಿರಿ. “ಮುರಳಿಯವರೇ, ಸ್ವಲ್ಪ ನೋಡ್ಕೊಳ್ಳಿ, ಅಂಚು ಮೊಂಡಾಗೇ ಇರ್ಲಿ. ಮಕ್ಕಳು ಬೀಳೋದೇ ಜಾಸ್ತಿ. ಬಿದ್ದಾಗ ಹಲಗೆ ಮಗುಚಿ ಅದೇ ಮೈಮೇಲೆ ಬರುತ್ತೆ.” ಅಂಗಡಿಯಲ್ಲಿ ನಿಂತು ಪೂರ್ತಿ ಕೇಳಿದೆ. ಆಗ ಮೊದಲನೆಯ ಫಿನ್ ಪಾಲಿಶ್ ಆಗಿತ್ತು. ಅದನ್ನು ಮೊಂಡು ಮಾಡಿದರೆ ಅಂದ ಹೋಗುತ್ತದೆ ಎಂದುಕೊಂಡೆ. ಇನ್ನೂ ಒಂದು ಇತ್ತು. ನನ್ನ ಮನೆಯೊಳಗಿನ ಕೆಲಸಕ್ಕೂ ಮೂಲ್ಕಿಯಿಂದಲೇ ಅಪ್ಪಣೆ ಬರಬೇಕಾ ಅನ್ನಿಸಿತು. ಮೆಸೇಜ್ ಅಳಿಸಿ ಎರಡನೆಯದಕ್ಕೆ ಕೈ ಹಾಕಿದೆ.

ಫಿನ್ ನೋಡಿ ವಚನಾ ತನ್ನ ಪ್ಲೈವುಡ್ ತುಂಡನ್ನು ಕೆಳಗಿಟ್ಟಳು. ಆಮೇಲೆ, “ತುಂಬಾ ಚೆನ್ನಾಗಿದೆ ಅಂಕಲ್,” ಅಂದಳು. ಬೆರಳಿನಿಂದ ಅಂಚು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಅದನ್ನೂ ನೋಡಿದೆ. ನೋಡಿಯೂ ರೆಸಿನ್ ಕಲಸಿ ಮೂರನ್ನೂ ಅಂಟಿಸಿದೆ.

ದಸರಾ ರಜೆಯಲ್ಲಿ ನಾವು ಮೂವರೂ ಬಂದದ್ದು, ಆ ಬೆಳಿಗ್ಗೆ ನಡೆದದ್ದು ನಿಮ್ಮ ಕಣ್ಣೆದುರಿನ ಮಾತು. ಮೊದಲ ಅಲೆಯಲ್ಲಿ ಅವಳು ಎದ್ದು ನಿಂತು ದಡದವರೆಗೂ ಬಂದಳು. ನಾನು ಚಪ್ಪಾಳೆ ಹೊಡೆದೆ. ನೀವು ಅವಳನ್ನು ನೋಡುತ್ತಿದ್ದಿರಿ, ನಾನು ನಿಮ್ಮ ಮುಖ ನೋಡುತ್ತಿದ್ದೆ. ಎಂಥ ಫಿನ್ ಮಾಡಿದ್ದೀರಿ ಎಂದು ನೀವು ಕೇಳಲಿ ಎಂಬ ಆಸೆ. ಮುಂದಿನ ಅಲೆ ಅವಳನ್ನು ಕೆಡವಿತು. ಹಲಗೆ ಮಗುಚಿತು. ಎದ್ದು ನಿಂತವಳ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ನೀವು ಓಡಿಹೋಗಿ ಎತ್ತಿಕೊಂಡು ಬಂದಿರಿ. ನಾನು ಚಪ್ಪಲಿ ಬಿಚ್ಚುತ್ತಾ ನಿಂತಿದ್ದೆ.

ಶೋಭಾ ವೇಲಿನಿಂದ ಕಾಲು ಕಟ್ಟುತ್ತಿದ್ದಾಗ ನೀವು ಹಲಗೆ ತಿರುಗಿಸಿ ಅಂಚಿನ ಮೇಲೆ ಹೆಬ್ಬೆರಳು ಎಳೆದಿರಿ. “ಯಾರು ಮಾಡಿದ್ದು ಇದು?” ಎಂದು ಕೇಳಿದಿರಿ. ಕೂಗಿ ಕೇಳಲಿಲ್ಲ. ಕೂಗಿದ್ದರೆ ನಾನೂ ಕೂಗಿ ಉತ್ತರ ಕೊಡುತ್ತಿದ್ದೆನೇನೋ.

“ನಾನೇ ಅಪ್ಪ,” ಅಂದಳು ವಚನಾ. “ಅಂಕಲ್ ಅಂಗಡೀಲಿ ಕಟ್ ಮಾಡಿಸ್ಕೊಂಡು ನಾನೇ ಉಜ್ಜಿದೆ. ಚೂಪಾಗಿದ್ರೆ ಜೋರಾಗಿ ಹೋಗುತ್ತೆ ಅನ್ಕೊಂಡೆ.”

ನಾನು ಸಮುದ್ರದ ಕಡೆ ತಿರುಗಿ ನಿಂತೆ. ನನ್ನ ಬೆನ್ನ ಹಿಂದೆ ನೀವು ಅವಳನ್ನು ಬೈದದ್ದು ಕೇಳಿಸಿತು. ಹೇಳಿದ ಮಾತು ಕೇಳದವರಿಗೆ ಸಮುದ್ರ ಇಲ್ಲ, ಹಲಗೆ ಶೆಡ್ಡಿನಲ್ಲೇ ಇರಲಿ, ದೊಡ್ಡವಳಾದ ಮೇಲೆ ನೋಡೋಣ ಅಂದಿರಿ. ನಿಮ್ಮ ಮೆಸೇಜ್ ನಾನು ಅವಳಿಗೆ ಮುಟ್ಟಿಸಿದ್ದೇನೆ ಎಂದುಕೊಂಡಿದ್ದಿರಿ, ತಂದೆಯಾದವನು ಅನ್ನಬೇಕಾದದ್ದೇ. ಅನ್ನಿಸಿಕೊಳ್ಳಬೇಕಾದವನು ನಾನು.

ಕಾರಿನಲ್ಲಿ ಹಿಂದಿರುಗುವಾಗ ನೆಲಮಂಗಲ ದಾಟಿದ ಮೇಲೆ ಶೋಭಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಯಾಕೆ ಹಾಗೆ ಹೇಳಿದೆ ಎಂದು ವಚನಾಳನ್ನು ಮೆಲ್ಲಗೆ ಕೇಳಿದೆ. ಕಿಟಕಿ ನೋಡುತ್ತಲೇ ಉತ್ತರ ಕೊಟ್ಟಳು: “ನಿಮ್ಮನ್ನ ಬೈದ್ರೆ ನೀವು ಇನ್ಯಾವತ್ತೂ ಅಲ್ಲಿಗೆ ಬರಲ್ಲ. ನನ್ನ ಬೈದ್ರೆ ಏನಾಗುತ್ತೆ? ನಾನು ಅವರ ಮಗಳು.”

ಹನ್ನೊಂದು ವರ್ಷದ ಹುಡುಗಿ. ಅದನ್ನು ಕೇಳಿಯೂ ಆ ರಾತ್ರಿ ಶೋಭಾಗೆ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಗಾಯಕ್ಕೆ ಮುಲಾಮು ಹಚ್ಚುವ ಕೆಲಸ ಮಾತ್ರ ನಾನೇ ವಹಿಸಿಕೊಂಡೆ. ನೋಡಿದವರು ಎಂಥ ಒಳ್ಳೆ ಮನುಷ್ಯ ಅಂದರು. ಓನರ್ ಹೆಂಗಸೂ ಅಂದರು. ನಾನು ಬೇಡ ಅನ್ನಲಿಲ್ಲ.

ಮೊನ್ನೆ ಅವಳ ಗೆಳತಿ ಶಿವಾನಿ ಮನೆಗೆ ಬಂದಿದ್ದಳು. ಸರ್ಫಿಂಗ್ ಯಾವಾಗ ತೋರಿಸ್ತೀಯ ಎಂದು ಕೇಳಿದ್ದಕ್ಕೆ ವಚನಾ, “ಅದೆಲ್ಲ ಬಿಟ್ಬಿಟ್ಟೆ ಕಣೇ, ಬೋರು,” ಅಂದಳು. ನಾನು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ಅವಳು ಎರಡನೆಯ ಸಲ ನನಗಾಗಿ ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿತು. ಶಿವಾನಿ ಹೋದ ಮೇಲೆ ಶೋಭಾಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಪಾತ್ರೆ ತೊಳೆಯುತ್ತಾ, “ರಾಜೇಂದ್ರಂಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ,” ಅಂದಳು. ಆಮೇಲೆ ನನ್ನ ಜತೆ ಹೆಚ್ಚು ಮಾತಾಡಿಲ್ಲ.

ಕ್ಷಮಿಸಿ ಎಂದು ಬರೆಯುವುದು ಸುಲಭ, ಅದಕ್ಕೇ ಕೇಳುವುದಿಲ್ಲ. ಕೇಳುವುದು ಒಂದೇ. ಅವಳ ಸಮುದ್ರವನ್ನು ಅವಳಿಗೆ ಹಿಂದಕ್ಕೆ ಕೊಡಿ. ಆ ಫಿನ್‌ಗಳನ್ನು ಕಿತ್ತು ಎಸೆಯಿರಿ. ಹೊಸದನ್ನು ಅವಳೇ ಮಾಡಲಿ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ. ಬಸ್ಸಿಗೆ ಹತ್ತಿಸುವ ತನಕ ನಾನು ಬರುತ್ತೇನೆ.

ಇಂತಿ,
ತಲೆ ತಗ್ಗಿಸಿದ
ಮುರಳೀಕೃಷ್ಣ

ವಿ.ಸೂ.: ಕವರ್ ಅಂಟಿಸುವ ಮೊದಲು ವಚನಾಳಿಗೂ ತಿಳಿಸುವುದು ನ್ಯಾಯ ಎಂದುಕೊಂಡು, ನಿಮಗೆ ಎಲ್ಲ ಬರೆದಿದ್ದೇನೆ ಎಂದು ಹೇಳಿದೆ. ಖುಷಿಪಡುತ್ತಾಳೆ ಎಂದು ತಿಳಿದಿದ್ದೆ. ಅವಳು ಕೇಳಿದ್ದು, “ನಾನು ಸುಳ್ಳು ಹೇಳಿದ್ದೂ ಬರೆದ್ರಾ?” ಹೌದು ಅಂದೆ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಇನ್ನೂ ತೆಗೆದಿಲ್ಲ. ಇಷ್ಟು ವರ್ಷದಲ್ಲಿ ಅವಳು ನನಗೆ ಅಂತಲೇ ಮಾಡಿದ್ದು ಅದೊಂದೇ, ಅದನ್ನೂ ತಂದು ನಿಮ್ಮ ಮುಂದೆ ಇಟ್ಟುಬಿಟ್ಟೆ. ನೀವು ಅವಳಿಗೆ ಫೋನ್ ಮಾಡಿದಾಗ ಆ ಮಾತೊಂದನ್ನು ಎತ್ತಬೇಡಿ. ಬೈಯುವುದಿದ್ದರೆ ನನ್ನ ನಂಬರಿಗೆ ಮಾಡಿ. ಈ ಸಲ ಎತ್ತುತ್ತೇನೆ.