ಕಮಾನಿನ ಅರ್ಜಿ

ಹುಮನಾಬಾದ್, 13 ಮೇ 1998

ಪುರಸಭೆಯ ಮುಖ್ಯಾಧಿಕಾರಿಗಳಿಗೆ ನಮಸ್ಕಾರ.

ಈ ಪತ್ರದಲ್ಲಿ ಕೋರಿರುವ ಮಾತನ್ನು ಮೊದಲು ಹೇಳಿದವರು ನಮ್ಮ ಕೆಳಗಿನ ಓಣಿಯ ಸುಮನಬಾಯಿ, ಕಳೆದ ಭಾನುವಾರ ಬೆಳಿಗ್ಗೆ. ಕಳೆದ ತಿಂಗಳು ತಮಗೆ ಕೊಟ್ಟ ಅರ್ಜಿಯಂತೆ ಬಡಾವಣೆಗೆ ಮೊದಲು ಸ್ವಾಗತ ಕಮಾನೇ ಬೇಕೆಂದು ನಮ್ಮ ನಾಗರಿಕ ಸಂಘದ ಸಭೆ ಕೈ ಎತ್ತಿ ಒಪ್ಪಿತ್ತು. ಅಷ್ಟರಲ್ಲಿ ಅವರು ತುಂಬಿದ ಕೊಡ ಹೊತ್ತುಕೊಂಡೇ ಒಳಬಂದರು.

"ಇಷ್ಟೊತ್ತು ಎಲ್ಲಿದ್ದಿಯವ್ವಾ?" ಎಂದರು ಅಧ್ಯಕ್ಷ ಮಹಾರುದ್ರಪ್ಪ.

"ನಳದ ಪಾಳ್ಯಾಗ ನಿಂತಿದ್ದೆರಿ. ನೀರು ಬರೋ ಹೊತ್ತಿಗೇ ಸಭಾ ಇಟ್ರ ನಮ್ಮ ಓಣ್ಯಾವ್ರು ಹ್ಯಾಂಗ ಬರಬೇಕು? ಅರವತ್ತು ಮನಿಗಿ ಒಂದೇ ನಳ. ನಿಮ್ಮ ಕಮಾನಿನ್ಯಾಗ ನೀರು ಬರ್ತಾವೇನ್ರಿ?"

ಆದ್ದರಿಂದ ಕಮಾನಿನ ಅರ್ಜಿಯನ್ನು ಹಿಂದಿರುಗಿಸಿ, ಆ ಓಣಿಗೆ ಇನ್ನೊಂದು ನಳ ಹಾಕಿಸಿಕೊಡಬೇಕೆಂದು ವಿನಂತಿ.

ಇದಕ್ಕೆ ಎಲ್ಲರ ಒಪ್ಪಿಗೆ ಇದೆ. ಮರುದಿನ ಬೆಳಿಗ್ಗೆ ನಾವು ನಳದ ಹತ್ತಿರವೇ ಸಭೆ ಸೇರಿದೆವು. ಹೆಂಗಸರು ಕೈ ಎತ್ತುವಾಗ ಅವರ ಕೊಡಗಳನ್ನು ನಾವು ಹಿಡಿದುಕೊಂಡಿದ್ದೆವು.

ತಮ್ಮ ವಿಶ್ವಾಸಿ,
ಧನರಾಜ, ಕಾರ್ಯದರ್ಶಿ