ಬಿಸಿ ಆರದ ಮೂಟೆಗಳು

ಹಳದೀಪುರ
12 ನವೆಂಬರ್ 2024

ಚಂದನಾಳ ಅಪ್ಪನಿಗೆ ಮಾಲಿನಿ ಮಾಡುವ ನಮಸ್ಕಾರ.

ನೀವು ಕಾಯ್ಕಿಣಿಯಿಂದ ಕಳಿಸಿದ ಗೊಬ್ಬರದ ಮೂಟೆಗಳು ನಿನ್ನೆ ಬಂದವು. ಟೆಂಪೋದ ನಿತೇಶ ಅಕ್ಕನ ಮನೆ ಅಂಗಳದಲ್ಲಿ ಇಳಿಸಿದ. ಇದ್ನ ಕಂಡ್ರೆ ನಿನ್ನ ಅತ್ತಿಗೆ ಸಿಟ್ಟೆಲ್ಲ ಇಳೀತದೆ ಅಂತ ನೀವು ಅವನಿಗೆ ಹೇಳಿದಿರಂತೆ. ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಇದನ್ನು ಸುಮ್ಮನೆ ಕೊನೆತನಕ ಓದಬೇಕು.

ಒಂದು ಮೂಟೆ ಬಿಚ್ಚಿ ಕೈ ಹಾಕಿದೆ. ಒಳಗೆ ಆಗಷ್ಟೇ ಇಳಿಸಿದ ಅನ್ನದ ಹಾಗೆ ಬಿಸಿ. ಘಾಟು ವಾಸನೆ. ಹುಲ್ಲಿನ ಎಳೆಗಳು ಹಾಗೆಯೇ ಇವೆ. ಮೊದಲು ನಗು ಬಂತು, ಆಮೇಲೆ ಅಳು. ಯಾವುದಕ್ಕಾಗಿ ನಾನು ಮನೆ ಬಿಟ್ಟು ಬಂದೆನೋ ಅದನ್ನೇ ಮೂಟೆ ಕಟ್ಟಿ ಕಳಿಸಿದ್ದೀರಿ ಮಹಾರಾಯರೇ.

ಕಳೆದ ವರ್ಷ ಪೂರ್ತಿ ಕೊಟ್ಟಿಗೆಗೆ ಸೊಪ್ಪು ಹಾಸಿ, ಬಾಚಿ, ಗುಂಡಿ ತುಂಬಿಸಿದ್ದು ನಾನು. ಮಳೆನೀರು ಇಳಿಯದ ಹಾಗೆ ತೆಂಗಿನ ಮಡಲು ಮುಚ್ಚಿ ಕಾದದ್ದೂ ನಾನು. ಅದು ಹಿಡಿದರೆ ಪುಡಿಪುಡಿಯಾಗುವ, ವಾಸನೆಯೇ ಇಲ್ಲದ ಕಪ್ಪು ಗೊಬ್ಬರವಾಗಿತ್ತು. ಗಾಯತ್ರಿ ಅಕ್ಕನ ಆಪರೇಷನ್ನಿಗೆಂದು ನಾನು ಇಲ್ಲಿಗೆ ಬಂದಾಗ ಅಷ್ಟನ್ನೂ ನಿಮ್ಮ ಗೆಳೆಯ ಸಂಜಯನ ಲಾಡ್ಜಿನ ಹುಲ್ಲುಹಾಸಿಗೆ ಕೊಟ್ಟಿರಿ. ನಾನು ಬೈಯಬಾರದೆಂದು ಅಂದಂದಿನ ಸಗಣಿ ಬಾಚಿ ನನ್ನ ಮಲ್ಲಿಗೆಯ ಬುಡಕ್ಕೆ ಸುರಿದಿರಿ. ನಾನು ತಿರುಗಿ ಮನೆಗೆ ಬಂದು ಕೇಳಿದರೆ, ಸಗಣಿ ಅಂದ್ರೆ ಸಗಣಿ, ಅದ್ರಲ್ಲಿ ಹಳೇದು ಹೊಸದು ಎಂತದು ಅಂದಿರಿ. ಎಲೆ ಸುಟ್ಟವು. ಹಸಿ ಸಗಣಿಗೆ ಬಂದ ಗೊಣ್ಣೆಹುಳು ಬೇರು ತಿಂದಿತು. ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಮಾರಾಟಕ್ಕೆ ಭಟ್ಕಳದ ಬಸ್ಸಿಗೆ ಕೊಡುತ್ತಿದ್ದವಳು ಖಾಲಿ ಕೈಯಲ್ಲಿ ಕೂತೆ. ಗಿಡ ಸತ್ತದ್ದು ಒಂದು ದುಃಖ. ನನ್ನನ್ನೊಂದು ಮಾತು ಕೇಳಬೇಕೆಂದು ನಿಮಗೆ ಅನಿಸಲೇ ಇಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ಕಾರ್ತಿಕ ಮುಗಿಯುವುದರೊಳಗೆ ಬಂದುಬಿಡು ಎಂದು ಹೇಳಿ ಕಳಿಸಿದ್ದೀರಿ. ಬರುವುದಿಲ್ಲ. ಅಕ್ಕ ತನ್ನ ಹಿತ್ತಲು ಬಿಟ್ಟುಕೊಟ್ಟಿದ್ದಾಳೆ. ಮಳೆಯಲ್ಲಿ ನೆಟ್ಟ ಮಲ್ಲಿಗೆ ಕಡ್ಡಿಗಳು ಚಿಗುರಿವೆ. ಚಂದನಾ ಇಲ್ಲಿಂದಲೇ ಕುಮಟಾ ಕಾಲೇಜಿಗೆ ಹೋಗುತ್ತಾಳೆ, ಅವಳಿಗೇನೂ ತೊಂದರೆ ಇಲ್ಲ. ಈ ಗಿಡಗಳು ಹೂ ಬಿಟ್ಟು, ನನ್ನ ಕೈಯಿಂದ ಮಾಲೆಯಾಗಿ ಬಸ್ಸು ಹತ್ತುವ ತನಕ ನಾನು ಇಲ್ಲಿಂದ ಕದಲುವುದಿಲ್ಲ. ಆಮೇಲೆ ಬರುವುದೋ ಬಿಡುವುದೋ, ಅದನ್ನು ನಾನೇ ನಿಶ್ಚಯಿಸುತ್ತೇನೆ.

ಗಂಡ ಕಳ್ಸಿದ್ದು, ಒಂದು ಮುಷ್ಟಿ ಆದ್ರೂ ಹಾಕೇ ಅಂತ ಅಕ್ಕ ಅಂದಳು. ಚಿಟಿಕೆಯೂ ಹಾಕಲಿಲ್ಲ. ಎಸೆಯಲೂ ಇಲ್ಲ. ತೆಂಗಿನ ನೆರಳಲ್ಲಿ ರಾಶಿ ಮಾಡಿ, ನಡುನಡುವೆ ತರಗೆಲೆ ಹಾಕಿ, ನೀರು ಚಿಮುಕಿಸಿ ಮುಚ್ಚಿದ್ದೇನೆ. ಬರುವ ಮಳೆಗಾಲದೊಳಗೆ ಕಳಿತು ಹದಕ್ಕೆ ಬರುತ್ತದೆ. ಅಲ್ಲಿಯ ತನಕ ನೀವು ಎಷ್ಟು ಹೇಳಿ ಕಳಿಸಿದರೂ ಅದು ಗೊಬ್ಬರವಾಗುವುದಿಲ್ಲ.

ನೀವು ಊಟಕ್ಕೆ ಎಂತ ಮಾಡುತ್ತೀರಿ ಎಂದು ನಾನು ಯೋಚಿಸುವುದಿಲ್ಲ. ಉಪ್ಪಿನಕಾಯಿ ಭರಣಿ ಅಟ್ಟದ ಮೇಲಿದೆ. ಒದ್ದೆ ಕೈ ಹಾಕಬೇಡಿ.

ಇತಿ,
ಮಾಲಿನಿ

ತಾ.ಕ.: ರಾಶಿಯನ್ನು ತಿಂಗಳಿಗೊಮ್ಮೆ ಮೇಲೆ ಕೆಳಗೆ ಮಗುಚಬೇಕು, ಇಲ್ಲದಿದ್ದರೆ ನಡುವೆ ಹಸಿಯೇ ಉಳಿಯುತ್ತದೆ. ಅಕ್ಕ ಭಾರ ಎತ್ತುವ ಹಾಗಿಲ್ಲ, ನನ್ನ ಹೆಗಲೂ ಒಪ್ಪುವುದಿಲ್ಲ. ಪಕ್ಕದ ಮನೆಯ ದೇವಪ್ಪ ನಾ ಮಾಡಿಕೊಡ್ತೆ ಅಂದ, ಬೇಡ ಅಂದೆ. ಡಿಸೆಂಬರಿನ ಎರಡನೇ ಭಾನುವಾರ ಹಳೇ ಲುಂಗಿ ತೆಗೆದುಕೊಂಡು ಬನ್ನಿ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವುದು. ಮಧ್ಯಾಹ್ನದ ಊಟ ಇಲ್ಲೇ.